ಹಗ್ಗ ಮಕ್ಕಳ ಕೈಯಲ್ಲೇ ಇರಲಿ: ರಾಷ್ಟ್ರಪತಿ ಪುರಸ್ಕಾರಕ್ಕೆ ಸ್ಕೌಟ್‌ಗಳನ್ನು ತಯಾರು ಮಾಡುವುದು ಹೇಗೆ?

ದಾವಣಗೆರೆ ಹತ್ತಿರದ ಕೊಂಡಜ್ಜಿ ಸ್ಕೌಟ್ ಶಿಬಿರ, ಬೆಳಗ್ಗೆ ಏಳು ಗಂಟೆ. ಒಂಬತ್ತನೇ ತರಗತಿ ಹುಡುಗನೊಬ್ಬ ಎರಡು ಬಿದಿರು ಗಳ ಸೇರಿಸಿ ಹಗ್ಗದಿಂದ ಕಟ್ಟುವ ಸ್ಕ್ವೇರ್ ಲ್ಯಾಶಿಂಗ್ ಹಾಕುತ್ತಿದ್ದ. ನೆಟ್ಟಗೆ ನಿಲ್ಲಿಸಿದ ಗಳಕ್ಕೆ ಕ್ಲೋವ್ ಹಿಚ್ ಗಂಟು ಹಾಕಿದ. ಅಡ್ಡ ಗಳ ಸೇರಿಸಿ ಮೂರು ಸುತ್ತು ಸುತ್ತಿದ. ಅಲ್ಲಿವರೆಗೆ ಚೆನ್ನಾಗಿತ್ತು. ಆಮೇಲೆ ಎರಡು ಗಳಗಳ ನಡುವೆ ಹಗ್ಗ ತೂರಿಸಿ ಎಳೆದು ಬಿಗಿ ಸುತ್ತು ಹಾಕಬೇಕು. ಇಡೀ ಕಟ್ಟಿನ ಜೀವ ಇರುವುದೇ ಅಲ್ಲಿ. ಅದನ್ನು ಅವನು ಸಡಿಲ ಬಿಟ್ಟ. ನನ್ನ ಕೈ ತುರಿಸುತ್ತಿತ್ತು. ಬೆನ್ನ ಹಿಂದೆ ಕೈ ಕಟ್ಟಿ ನಿಂತೆ.

ಹತ್ತು ನಿಮಿಷಕ್ಕೆ ಪಾತ್ರೆ ಸ್ಟ್ಯಾಂಡ್ ವಾಲಿತು. ತಟ್ಟೆ, ಲೋಟ ಎಲ್ಲಾ ಮಣ್ಣಿಗೆ. ಹುಡುಗ ನನ್ನ ಮುಖ ನೋಡಿದ. "ಮೊದಲು ಯಾವ ಮೂಲೆ ಜಾರಿತು?" ಅಂತ ಅಷ್ಟೇ ಕೇಳಿದೆ. ಅವನು ಕುಕ್ಕರುಗಾಲಲ್ಲಿ ಕೂತು ನಾಲ್ಕೂ ಕಟ್ಟನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. "ಇದು ಸಾರ್" ಅಂದ. ಬಿಚ್ಚಿದ. ಮತ್ತೆ ಕಟ್ಟುವಾಗ ಗಳಕ್ಕೆ ಕಾಲು ಕೊಟ್ಟು ಹಗ್ಗ ಎಳೆದ. ಕಾಲು ಕೊಡುವುದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ದೊಡ್ಡವರ ಕೆಲಸದಲ್ಲಿ ಅತಿ ಕಷ್ಟದ್ದು ಇದೇ. ಉಳಿದಿದ್ದೆಲ್ಲ ಓಡಾಟ, ಕಾಗದ, ಫೋನು. ಈ ವರ್ಷ ಹೊಸದಾಗಿ ಟ್ರೂಪ್, ಅಂದರೆ ಶಾಲೆಯ ಸ್ಕೌಟ್ ತಂಡ, ವಹಿಸಿಕೊಂಡ ಶಿಕ್ಷಕರು ಕೆಲವರು ನನ್ನ ಹತ್ತಿರ ಬಂದು "ರಾಷ್ಟ್ರಪತಿಗೆ ಮಕ್ಕಳನ್ನು ಹೇಗೆ ಕಳಿಸೋದು ಸಾರ್?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್ ಹಿಡಿಯಿರಿ

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಶಾಲಾ ಮಕ್ಕಳಿಗೆ ಸಿಗುವ ಅತಿ ದೊಡ್ಡ ಗೌರವ ರಾಷ್ಟ್ರಪತಿ ಪುರಸ್ಕಾರ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಇಷ್ಟು ಮೆಟ್ಟಿಲು ಹತ್ತಿದ ಮೇಲೆ ಅದು. ರಾಜ್ಯ ಪುರಸ್ಕಾರದ ಪ್ರಮಾಣಪತ್ರಕ್ಕೆ ರಾಜ್ಯಪಾಲರ ಸಹಿ ಇರುತ್ತದೆ, ಇದಕ್ಕೆ ರಾಷ್ಟ್ರಪತಿಯವರ ಸಹಿ. ಪ್ರತಿ ಮೆಟ್ಟಿಲ ನಡುವೆ ಇಷ್ಟು ತಿಂಗಳು ಕಳೆಯಬೇಕು ಅಂತ ನಿಯಮವಿದೆ. ಮೇಲೆ ವಯಸ್ಸಿನ ಗಡಿಯೂ ಇದೆ. ಎರಡರ ನಡುವೆ ಸಿಕ್ಕಿಕೊಂಡ ಮಗುವಿಗೆ ಎಷ್ಟು ಪ್ರತಿಭೆ ಇದ್ದರೂ ಏನೂ ಮಾಡಲಾಗದು.

ಹಾಗಾಗಿ ಮಗು ಟ್ರೂಪ್‌ಗೆ ಸೇರಿದ ದಿನವೇ ಹುಟ್ಟಿದ ದಿನಾಂಕ ಬರೆದುಕೊಂಡು, ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಆರನೇ ತರಗತಿಯಲ್ಲಿ ಸೇರಿದವರಿಗೆ ಆರಾಮ. ಎಂಟರಲ್ಲಿ ಬಂದವರಿಗೆ ಒಂದು ಶಿಬಿರ ತಪ್ಪಿದರೂ ತೊಂದರೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಿಂಗಳುಗಳನ್ನು ಮೊದಲೇ ಕೆಂಪು ಪೆನ್ನಲ್ಲಿ ಹೊಡೆದುಹಾಕಿ. ಆ ಹೊತ್ತಲ್ಲಿ ಹಗ್ಗ, ಗಂಟು ಅಂತ ಮಕ್ಕಳನ್ನು ಎಳೆಯಬೇಡಿ.

ಇನ್ನೊಂದು ಮಾತು. ಪಠ್ಯಕ್ರಮ ಆಗಾಗ ಬದಲಾಗುತ್ತದೆ. ಯಾರದೋ ಬೀರುವಿನಲ್ಲಿದ್ದ ಹಳೇ ಜೆರಾಕ್ಸ್ ನಂಬಿಕೊಂಡು ಪಾಠ ಮಾಡಬೇಡಿ. ಸಂಸ್ಥೆಯ ನಿಯಮ ಪುಸ್ತಕಕ್ಕೆ ಏಪಿಆರ್‌ಒ ಅನ್ನುತ್ತಾರೆ. ಅದರ ಈಗಿನ ಮುದ್ರಣ ಜಿಲ್ಲಾ ಸಂಸ್ಥೆಯಲ್ಲಿ ಕೇಳಿ ನೋಡಿ.

ಹೆಸರು, ಇನಿಷಿಯಲ್

ಇದು ಎರಡು ನಿಮಿಷದ ಕೆಲಸ, ಬಿಟ್ಟರೆ ಎರಡು ವರ್ಷದ ತಲೆನೋವು. ನಮ್ಮ ಕಡೆ ಒಬ್ಬನಿಗೇ ಮೂರು ಹೆಸರು. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಶಾಲೆ ದಾಖಲೆಯಲ್ಲಿ ಹಿಂದೆ, ಅರ್ಜಿಯಲ್ಲಿ ಇನಿಷಿಯಲ್ಲೇ ಇಲ್ಲ. ಶಾಲಾ ದಾಖಲೆಯಲ್ಲಿ ಇರುವ ಹಾಗೇ, ಒಂದಕ್ಷರ ಬಿಡದೆ, ಪ್ರವೇಶದಿಂದ ಕೊನೆಯವರೆಗೂ ಬರೆಸಿ. ಪ್ರತಿ ಸೋಪಾನದ ಪ್ರಮಾಣಪತ್ರದ ನಕಲನ್ನು ಒಂದು ಫೈಲಿನಲ್ಲಿಡಿ. ಮೂಲ ಪ್ರತಿ ಮನೆಯಲ್ಲಿರಲಿ, ಶಾಲೆಯ ಬೀರುವಿನಲ್ಲಿ ಬೇಡ. ಮೇಷ್ಟ್ರಿಗೆ ವರ್ಗಾವಣೆಯಾದರೆ ಬೀರುವಿನ ಕೀಲಿಯೂ ಜೊತೆಗೇ ಹೋಗುತ್ತದೆ.

ಮನೆಗೆ ಹೋಗಿ, ಕೂತು ಮಾತಾಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಅಪ್ಪ ಒಬ್ಬರು. ಮಗನನ್ನು ಐದು ದಿನ ಶಿಬಿರಕ್ಕೆ ಕಳಿಸಿ ಅಂತ ಚೀಟಿ ಕಳಿಸಿದ್ದೆ. ಸಹಿ ಬರಲಿಲ್ಲ. ಭಟ್ಟಿಗೇ ಹೋದೆ. ಹೊಗೆ, ಬಿಸಿ, ಮರಳಲ್ಲಿ ಅರಳುವ ಮಂಡಕ್ಕಿಯ ಸದ್ದು. ಅವರು ಟವೆಲಲ್ಲಿ ಮುಖ ಒರೆಸಿಕೊಂಡು, "ಮೇಷ್ಟ್ರೇ, ಸುಮ್ನೆ ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ. ಇದ್ರಿಂದ ಮಾರ್ಕ್ಸ್ ಬರ್ತಾವಾ?" ಅಂದರು.

ಇಂಥ ಪ್ರಶ್ನೆಗೆ ಸುತ್ತಿಬಳಸಿ ಹೇಳಬಾರದು. ಮಾರ್ಕ್ಸ್‌ಗೋಸ್ಕರ ಇದನ್ನು ಮಾಡಿಸಬೇಡಿ ಅಂದೆ. ರೈಲ್ವೆಯಲ್ಲಿ ಸ್ಕೌಟ್ಸ್ ಕೋಟಾದಡಿ ನೇಮಕಾತಿ ನಡೆಯುತ್ತದೆ, ಅದಕ್ಕೆ ರಾಷ್ಟ್ರಪತಿ ಪುರಸ್ಕಾರ ಲೆಕ್ಕಕ್ಕೆ ಬರುತ್ತದೆ, ಆದರೆ ಹುದ್ದೆ ಕಡಿಮೆ, ಕೆಲಸ ಗ್ಯಾರಂಟಿ ಅಂತ ನಾನು ಹೇಳಲಾರೆ ಅಂತಲೂ ಹೇಳಿದೆ. ಆಮೇಲೆ ಅವರಿಗೆ ನಿಜವಾಗಿ ಬೇಕಿದ್ದ ವಿಷಯ ಬಂತು. ಎಲ್ಲಿ ಮಲಗುತ್ತಾನೆ? ಏನು ಊಟ? ರಾತ್ರಿ ಯಾರು ಇರುತ್ತಾರೆ? ನನ್ನ ಚೀಟಿಯಲ್ಲಿ ಇದ್ಯಾವುದೂ ಇರಲಿಲ್ಲ. ಅಂದಿನಿಂದ ಚೀಟಿಯಲ್ಲಿ ಮೊದಲು ಊಟ, ಮಲಗುವ ಜಾಗ, ಜೊತೆಗಿರುವ ಶಿಕ್ಷಕರ ಹೆಸರು, ಫೋನ್ ನಂಬರ್ ಬರೆಯುತ್ತೇನೆ. ಪುರಸ್ಕಾರದ ಮಾತು ಕೊನೆಯಲ್ಲಿ.

ಖರ್ಚಿನ ವಿಷಯವೂ ಅಷ್ಟೇ. ಯೂನಿಫಾರಂ, ಸ್ಕಾರ್ಫ್, ಬಸ್ ಚಾರ್ಜು ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆ ಅಂತ ವರ್ಷದ ಶುರುವಿಗೇ ಹೇಳಿಬಿಡಿ. ಮೇಲಿನ ತರಗತಿಗೆ ಹೋದವರ ಯೂನಿಫಾರಂ ಒಗೆದು, ಇಸ್ತ್ರಿ ಮಾಡಿ ಇಟ್ಟುಕೊಂಡರೆ ಕೊಳ್ಳಲಾಗದವರ ಮುಖ ಯಾರಿಗೂ ಕಾಣುವುದಿಲ್ಲ.

ಲಾಗ್ ಬುಕ್ ಯಾರ ಅಕ್ಷರದಲ್ಲಿದೆ?

ಇಲ್ಲಿ ನನ್ನದೇ ತಪ್ಪು ಹೇಳಿಕೊಳ್ಳಬೇಕು. ಮೊದಲ ವರ್ಷ ಉತ್ಸಾಹ ಜಾಸ್ತಿ. ಲಾಗ್ ಬುಕ್ ಅಂದರೆ ಮಾಡಿದ ಚಟುವಟಿಕೆಗಳನ್ನು ಮಗು ಬರೆದಿಡುವ ಪುಸ್ತಕ. ನಾಲ್ಕು ಮಕ್ಕಳದು ಚೆನ್ನಾಗಿ ಕಾಣಲಿ ಅಂತ ನಾನೇ ಒಕ್ಕಣೆ ಹೇಳಿ ಬರೆಸಿದೆ. ಚಿತ್ರಗಳನ್ನು ಡ್ರಾಯಿಂಗ್ ಮೇಷ್ಟ್ರ ಹತ್ತಿರ ಬರೆಸಿದೆ. ಪರೀಕ್ಷಕರು ಪುಸ್ತಕ ತಿರುವಿ, "ಹೈಕ್‌ನಲ್ಲಿ ನೀರು ಎಲ್ಲಿ ತುಂಬಿಸಿಕೊಂಡೆ?" ಅಂತ ಒಬ್ಬನನ್ನು ಕೇಳಿದರು. ಹುಡುಗ ನನ್ನ ಕಡೆ ನೋಡಿದ. ಹೋಗಿ ಬಂದವನು ಅವನೇ, ನಡೆದವನು ಅವನೇ. ಆದರೆ ಪುಸ್ತಕದಲ್ಲಿ ಇದ್ದದ್ದು ನನ್ನ ಮಾತು. ಅವನಿಗೆ ತನ್ನದೇ ನೆನಪು ಕೈಗೆ ಸಿಗಲಿಲ್ಲ.

ಈಗ ನಾವು ಮಾಡುವುದು ಇಷ್ಟು: ಯಾವ ಚಟುವಟಿಕೆ ಆದರೂ ಅದೇ ಸಂಜೆ ಐದು ಸಾಲು. ಎಲ್ಲಿ, ಯಾರ ಜೊತೆ, ಏನು ಮಾಡಿದೆ, ಏನು ಕೆಟ್ಟಿತು, ಮುಂದಿನ ಸಲ ಏನು ಬದಲಿಸುತ್ತೀಯ. 'ಏನು ಕೆಟ್ಟಿತು' ಅನ್ನುವ ಸಾಲು ಖಾಲಿ ಇದ್ದರೆ ನಾನು ಸಹಿ ಹಾಕುವುದಿಲ್ಲ. ಕಾಗುಣಿತ ತಪ್ಪಿದ್ದರೆ ಇರಲಿ ಬಿಡಿ. ಮಸಿ ಹಿಡಿದ ಬೆರಳಿನ ಗುರುತಿರುವ ಲಾಗ್ ಬುಕ್ ನನಗೆ ಬೈಂಡ್ ಮಾಡಿಸಿದ್ದಕ್ಕಿಂತ ಇಷ್ಟ.

ಪಟ್ರೋಲ್‌ಗೆ ಕೆಲಸ ಕೊಡಿ

ಪಟ್ರೋಲ್ ಅಂದರೆ ಆರೆಂಟು ಮಕ್ಕಳ ಗುಂಪು. ಬಂಕಿನ ಪೆಟ್ರೋಲಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಪ್ರತಿ ವರ್ಷ ಯಾರಿಗಾದರೂ ಹೇಳಬೇಕಾಗುತ್ತದೆ. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದಾಗಲೇ 20 ಹುಡುಗರನ್ನು ನಾಲ್ಕು ಪಟ್ರೋಲ್ ಮಾಡಿದ್ದರು. ಎರಡು ವರ್ಷದಲ್ಲಿ, 1909ಕ್ಕೆ, ಬೆಂಗಳೂರಿಗೆ ಸ್ಕೌಟಿಂಗ್ ಬಂತು.

ರಾಷ್ಟ್ರಪತಿಗೆ ಹೊರಟ ಮಕ್ಕಳನ್ನು ಬೇರೆ ಕೂರಿಸಿ ಟ್ಯೂಷನ್ ಕೊಡುವ ಚಾಳಿ ಕೆಲವು ಕಡೆ ಇದೆ. ನನಗದು ಸರಿ ಕಾಣುವುದಿಲ್ಲ. ಪ್ರವೇಶದ ಚಿಕ್ಕ ಮಕ್ಕಳಿಗೆ ಅವರೇ ಗಂಟು ಕಲಿಸಲಿ. ರೀಫ್ ನಾಟ್ ಯಾಕೆ ಜಾರುತ್ತದೆ ಅಂತ ಹತ್ತು ವರ್ಷದ ಮಗುವಿಗೆ ವಿವರಿಸುವಷ್ಟರಲ್ಲಿ ತಮಗೇ ಸರಿಯಾಗಿ ಅರ್ಥವಾಗಿರುತ್ತದೆ. ನೀವು ಮೂಲೆಯಲ್ಲಿ ಕೂತು ಚಹಾ ಕುಡಿಯಿರಿ.

ಪ್ರಥಮ ಚಿಕಿತ್ಸೆ ಬಾಯಿಪಾಠ ಬೇಡ

ಮಕ್ಕಳು ಪ್ರಥಮ ಚಿಕಿತ್ಸೆಯ ವ್ಯಾಖ್ಯೆಯನ್ನು ಗಡಗಡ ಹೇಳುತ್ತಾರೆ. ಸ್ಕಾರ್ಫ್ ಬಿಚ್ಚಿ ಕೈ ಜೋಳಿಗೆ ಕಟ್ಟು ಅಂದರೆ ತಡವರಿಸುತ್ತಾರೆ. ಆದ್ದರಿಂದ ಹೇಳದೆ ಕೇಳದೆ ನಾಟಕ ಶುರು ಮಾಡಿ. ಆಟದ ಮಧ್ಯೆ ಒಬ್ಬ ಮೊಣಕೈ ಹಿಡಿದು ಕುಸಿಯಲಿ. ಇನ್ನೊಂದು ವಾರ ರಕ್ತ ಸುರಿಯುವ ಗಾಯ: ಬಟ್ಟೆ ಇಟ್ಟು ನೇರವಾಗಿ ಒತ್ತಿ ಹಿಡಿಯುತ್ತಾರಾ, ಇಲ್ಲ ಅರಿಶಿನ ಹುಡುಕಲು ಓಡುತ್ತಾರಾ ನೋಡಿ. ಬೇಸಿಗೆಯಲ್ಲಿ ಚಿತ್ರದುರ್ಗದ ಬಿಸಿಲು ಗೊತ್ತಲ್ಲ, ತಲೆ ತಿರುಗಿ ಬಿದ್ದವರನ್ನು ನೆರಳಿಗೆ ತಂದು ಮೈ ತಂಪು ಮಾಡುವುದನ್ನು ಮಾಡಿಸಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಕೂಡದು. ಕಚ್ಚಿದ ಭಾಗ ಅಲ್ಲಾಡದಂತೆ ಇಟ್ಟು ಬೇಗ ಆಸ್ಪತ್ರೆಗೆ ಸೇರಿಸಬೇಕು. ಹಳ್ಳಿ ಮಕ್ಕಳಿಗೆ ಇದು ಪುರಸ್ಕಾರಕ್ಕಿಂತ ಮೊದಲು ಬೇಕಾದ ಪಾಠ. 108ಕ್ಕೆ ಫೋನ್ ಮಾಡಿ ಜಾಗದ ಗುರುತು ಹೇಳುವುದನ್ನೂ ಆಡಿಸಿ ನೋಡಿ. "ಸಾರ್, ಬಸ್‌ ಸ್ಟ್ಯಾಂಡ್ ಹತ್ರ" ಅನ್ನುತ್ತಾರೆ. ಯಾವ ಊರಿನ ಬಸ್‌ ಸ್ಟ್ಯಾಂಡ್?

ಸೇವೆ ಚಿಕ್ಕದಿರಲಿ, ಅಳೆಯುವಂತಿರಲಿ

ಸೇವೆ ಅಂದ ತಕ್ಷಣ ಪೊರಕೆ, ಬ್ಯಾನರ್, ಗ್ರೂಪ್ ಫೋಟೋ. ಚಂದ್ರವಳ್ಳಿಯಲ್ಲಿ ಅರ್ಧ ಗಂಟೆ ಕಸ ಆಯ್ದು ಫೋಟೋ ತೆಗೆಸಿಕೊಂಡು ಬಂದರೆ ಮಗುವಿಗೆ ಹೇಳಿಕೊಳ್ಳಲು ಏನೂ ಇರುವುದಿಲ್ಲ.

ನಮ್ಮ ಟ್ರೂಪಿನ ಒಬ್ಬ ಹುಡುಗ ಶಾಲೆಯ ಸೋರುವ ನಲ್ಲಿ ಹಿಡಿದುಕೊಂಡ. ಒಂದು ನಲ್ಲಿ ಕೆಳಗೆ 15 ಲೀಟರ್ ಬಕೆಟ್ ಇಟ್ಟು ಕಾದ. ಐದು ಗಂಟೆಗೆ ತುಂಬಿತು. ಅಂದರೆ ದಿನಕ್ಕೆ 72 ಲೀಟರ್. ಆ ಲೆಕ್ಕ ಹಿಡಿದು ಮುಖ್ಯ ಶಿಕ್ಷಕರ ಹತ್ತಿರ ತಾನೇ ಹೋದ. ಪ್ಲಂಬರ್ ಒಬ್ಬರ ಹಿಂದೆ ಬಿದ್ದು ವಾಷರ್ ಬದಲಿಸುವುದು ಕಲಿತ. ಉಳಿದ ನಲ್ಲಿಗಳನ್ನು ಪಟ್ರೋಲ್ ಸೇರಿ ಸರಿ ಮಾಡಿತು. ಒಂದು ಮಾತ್ರ ಎಷ್ಟು ಮಾಡಿದರೂ ನಿಲ್ಲಲಿಲ್ಲ, ಅದನ್ನೂ ಬರೆದುಕೊಂಡ. ನಾನು ಮಾಡಿದ್ದು ಎರಡೇ ಕೆಲಸ. ಮುಖ್ಯ ಶಿಕ್ಷಕರಿಗೆ ಹುಡುಗ ಬರುತ್ತಾನೆ ಅಂತ ಮೊದಲೇ ಹೇಳಿದ್ದೆ. ಮತ್ತೆ, ಮೇನ್ ವಾಲ್ವ್ ಬಂದ್ ಮಾಡಿದ್ದೀಯಾ ಅಂತ ಕೇಳಿದ್ದೆ. ಮಾಡಿರಲಿಲ್ಲ.

ಹೊರಗೆ ಹೋದಾಗ ಮಾತ್ರ ಕೈ ಕಟ್ಟಬೇಡಿ

ಮಕ್ಕಳೇ ಮಾಡಲಿ ಅನ್ನುವ ಮಾತು ಪ್ರಾಣಾಪಾಯದ ಹತ್ತಿರ ನಿಲ್ಲುತ್ತದೆ. ಭದ್ರಾ ನಾಲೆ ನೋಡಲು ಶಾಂತ, ಒಳಗೆ ಸೆಳೆತ ಜಾಸ್ತಿ, ಪಕ್ಕದ ಗೋಡೆ ಪಾಚಿ ಹಿಡಿದು ಜಾರುತ್ತದೆ. ಕೈ ತೊಳೆಯಲೂ ಇಳಿಸಬೇಡಿ. ಕೊಂಡಜ್ಜಿಯಲ್ಲೂ ಪಕ್ಕದಲ್ಲೇ ಕೆರೆ. ಹೋದ ಕೂಡಲೇ ಎಲ್ಲಿವರೆಗೆ ಹೋಗಬಹುದು ಅಂತ ಗೆರೆ ಹಾಕಿ ತೋರಿಸಿ. ಜೋಗಿಮಟ್ಟಿ ಕಡೆ ಹೈಕ್ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ದಿಕ್ಸೂಚಿ ಆಮೇಲೆ.

ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಎಲ್ಲೂ ಇರಬಾರದು. ಕನಿಷ್ಠ ಇಬ್ಬರು ದೊಡ್ಡವರು, ಗೈಡ್‌ಗಳ, ಅಂದರೆ ಹುಡುಗಿಯರ, ಜೊತೆ ಅವರ ಶಿಕ್ಷಕಿ ಗೈಡ್ ಕ್ಯಾಪ್ಟನ್ ಇರಲೇಬೇಕು. ನಾವೆಲ್ಲ ಒಳ್ಳೆಯವರೇ ಅಲ್ವಾ ಅಂತ ಇದನ್ನು ಸಡಿಲ ಮಾಡಬೇಡಿ.

ಪರೀಕ್ಷಾ ಶಿಬಿರಕ್ಕೆ ಒಂದು ತಿಂಗಳು ಮುಂಚೆ

ಪಕ್ಕದ ಶಾಲೆಯ ಸ್ಕೌಟ್ ಮಾಸ್ಟರನ್ನು ಕರೆಸಿ ಒಂದು ದಿನ ಪೂರ್ತಿ ಪರೀಕ್ಷೆ ಮಾಡಿಸಿ. ನೀವು ಅಲ್ಲಿ ಇರಬೇಡಿ. ನಿಮ್ಮ ಹುಬ್ಬು ನೋಡಿ ಉತ್ತರ ಹುಡುಕುವುದು ಮಕ್ಕಳಿಗೆ ಅಭ್ಯಾಸವಾಗಿರುತ್ತದೆ. ಹೊಸಬರ ಮುಂದೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ, ಅದು ಇಲ್ಲೇ ಆಗಲಿ. ಪರೀಕ್ಷಾ ಶಿಬಿರದಲ್ಲಿ ಬೇರೆ ಕಡೆಯ ಪರೀಕ್ಷಕರು ಸಿಕ್ಕಿ ಹಿಂದಿಯಲ್ಲಿ ಕೇಳಿದರೂ ಕೇಳಬಹುದು. "ನನಗೆ ಗೊತ್ತಿಲ್ಲ, ಮಾಡಿ ತೋರಿಸಲಾ?" ಅನ್ನುವಷ್ಟು ಹಿಂದಿ ಎಲ್ಲರಿಗೂ ಕಲಿಸಿಡಿ. ಹೊಸ ಶೂ ಹಾಕಿಸಿ ಕಳಿಸಬೇಡಿ, ಗುಳ್ಳೆ ಏಳುತ್ತವೆ.

ಫಲಿತಾಂಶ ಬಂದ ದಿನ

ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಕಾಯುವಾಗ ಮಕ್ಕಳು ಟ್ರೂಪಿಗೆ ಬರುವುದನ್ನೇ ಬಿಡುತ್ತಾರೆ, ಅವರ ಕೈಗೆ ಚಿಕ್ಕವರನ್ನು ಒಪ್ಪಿಸಿ. ಫಲಿತಾಂಶ ಬಂದಾಗ ಪಾಸಾದವರಿಗೆ ಹಾರ ಹಾಕಲು ಊರೇ ಇರುತ್ತದೆ. ನೀವು ಮೊದಲು ಆಗದಿದ್ದವರ ಮನೆಗೆ ಹೋಗಿ. ಹೋದ ಸಲ ನಮ್ಮಲ್ಲಿ ಇಬ್ಬರಿಗೆ ಆಯಿತು, ಒಬ್ಬನಿಗೆ ಆಗಲಿಲ್ಲ. ಅವನ ಮನೆಗೆ ಹೋದಾಗ ಹುಡುಗ ಒಳಗಿನಿಂದ ಹೊರಗೆ ಬರಲೇ ಇಲ್ಲ. ಅವರಮ್ಮ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ಬಜ್ಜಿ ಮುಗಿಯುವ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಂತ. ನಾನು ಚೀಲದಿಂದ ಕ್ಯಾಲೆಂಡರ್ ತೆಗೆದೆ. ಅವನಿಗೆ ಇನ್ನೂ ಒಂದು ವರ್ಷ ಎರಡು ತಿಂಗಳು ಇತ್ತು. "ಮ್ಯಾಪಿಂಗ್ ಒಂದು ಕೈಕೊಡ್ತು ಸಾರ್" ಅಂದ. ಪೆನ್ನು ಅವನ ಕೈಗೆ ಕೊಟ್ಟೆ.