ಕುಟುಪಲಾಂಗ್ ಶಿಬಿರದಲ್ಲಿ ನೀರಿನ ಕೆಲಸ

2017ರ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಜೀವ ಉಳಿಸಿಕೊಳ್ಳಲು ಬಾಂಗ್ಲಾದೇಶಕ್ಕೆ ಓಡಿಬಂದರು. ನೀರು ಮತ್ತು ನೈರ್ಮಲ್ಯದ ಎಂಜಿನಿಯರಾಗಿ ನಾನು ಕಾಕ್ಸ್ ಬಜಾರ್ ಜಿಲ್ಲೆಯ ಕುಟುಪಲಾಂಗ್ ತಲುಪಿದಾಗ ಗುಡ್ಡಗಳ ತುಂಬ ಬಿದಿರು, ಟಾರ್ಪಾಲಿನ ಗುಡಿಸಲುಗಳು. ಆರಂಭದ ಅವಸರದಲ್ಲಿ ಕೊರೆದ ಆಳವಿಲ್ಲದ ಕೊಳವೆ ಬಾವಿಗಳ ಮಗ್ಗುಲಲ್ಲೇ ಶೌಚಗುಂಡಿಗಳಿದ್ದವು. ನಡುವೆ 30 ಮೀಟರ್ ಅಂತರವಿರಬೇಕೆನ್ನುವುದು ನೆರವು ಸಂಸ್ಥೆಗಳೆಲ್ಲ ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡ. ಅಲ್ಲಿ ಎಷ್ಟೋ ಕಡೆ ಹತ್ತು ಹೆಜ್ಜೆಯೂ ಇರಲಿಲ್ಲ.

ಅಂಥ ಬಾವಿಗಳನ್ನು ಮುಚ್ಚಿಸಿ, ಆಳದ ನೀರನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸಿ, ಕ್ಲೋರಿನ್ ಬೆರೆಸಿ ನಲ್ಲಿಗಳಿಗೆ ಬಿಡುತ್ತಿದ್ದೆವು. ಎಷ್ಟು ಬೆರೆಸಬೇಕೆಂಬುದನ್ನು ಊಹೆಗೆ ಬಿಡುವಂತಿಲ್ಲ. 20 ಲೀಟರಿನ ನಾಲ್ಕು ಬಕೆಟ್‌ಗಳಿಗೆ ಶೇ. 1ರ ಕ್ಲೋರಿನ್ ದ್ರಾವಣವನ್ನು 1, 1.5, 2, 2.5 ಮಿಲಿಲೀಟರಿನಂತೆ ಹಾಕಿ ಅರ್ಧ ಗಂಟೆ ಕಾಯುತ್ತಿದ್ದೆವು. ಆಮೇಲೆ ಪ್ರತಿ ಬಕೆಟ್‌ನ ನೀರಿಗೆ ಕ್ಲೋರಿನ್ ಪತ್ತೆಹಚ್ಚುವ ಡಿಪಿಡಿ ಮಾತ್ರೆ ಹಾಕಿ ಅಲುಗಾಡಿಸಿದರೆ ಉಳಿದ ಕ್ಲೋರಿನ್‌ಗೆ ತಕ್ಕಂತೆ ಗುಲಾಬಿ ಬಣ್ಣ ಏರುತ್ತದೆ. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿಸಿಕೊಂಡ ಬಕೆಟ್‌ನ ಅಳತೆಯೇ ನಮ್ಮ ಅಳತೆ.

ನಲ್ಲಿಯಲ್ಲಿ ಗುಲಾಬಿ ತೋರಿದ ನೀರು ಗುಡಿಸಲಿನ ಕೊಡದಲ್ಲಿ ಬಣ್ಣವನ್ನೇ ತಿರುಗಿಸದಿದ್ದ ಸಂದರ್ಭಗಳು ಬೇಕಾದಷ್ಟು. ಬಾಯ್ತೆರೆದ ಕೊಡ, ಅದ್ದುವ ಲೋಟ, ಮಕ್ಕಳ ಕೈ. ಹಾಗಾಗಿ ಪರೀಕ್ಷೆಯನ್ನು ಮನೆಮನೆಗೆ ಒಯ್ದೆವು, ಮುಚ್ಚಳವಿರುವ ಕೊಡಗಳನ್ನು ಹಂಚಿದೆವು.

ಹೀಗೆ ಮನೆಯೊಳಗೆ ಹೋದಾಗಲೇ ಹೆಂಗಸರು ಮಾತಾಡತೊಡಗಿದ್ದು. ಚಿತ್ತಗಾಂಗ್‌ನ ಸಹೋದ್ಯೋಗಿ ಅವರ ಮಾತನ್ನು ತಿಳಿಸಿ ಹೇಳುತ್ತಿದ್ದರು. "ಹಗಲು ನಾನು ನೀರೇ ಕುಡಿಯುವುದಿಲ್ಲ ಮಗಳೇ, ಕುಡಿದರೆ ಹೊರಗೆ ಹೋಗಬೇಕಲ್ಲ" ಎಂದರು ಒಬ್ಬ ಹಿರಿಯಾಕೆ. ಶೌಚಾಲಯದ ದಾರಿ ಗಂಡಸರು ಕೂರುವ ಚಹಾದಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕವೂ ಇರಲಿಲ್ಲ. ಅಷ್ಟು ಕಷ್ಟಪಟ್ಟು ಶುದ್ಧ ಮಾಡಿದ ನೀರನ್ನು ಆಕೆ ಭಯಕ್ಕೆ ಕುಡಿಯದೆ ಕೂತಿದ್ದರು.

ನೆರವಿನ ಜಗತ್ತಿನಲ್ಲಿ ನಿರಾಶ್ರಿತರ ರಕ್ಷಣೆಗೆ ಒಂದು ತಂಡ, ನೀರಿಗೆ ಇನ್ನೊಂದು ತಂಡ ಇರುತ್ತವೆ. ಈ ವಿಂಗಡಣೆ ಕಾಗದದಲ್ಲಿ ಮಾತ್ರ ಚೆಂದ. 1951ರ ನಿರಾಶ್ರಿತರ ಒಪ್ಪಂದಕ್ಕೆ ಬಾಂಗ್ಲಾದೇಶ ಸಹಿ ಹಾಕಿಲ್ಲ, ಆದರೂ ಇಷ್ಟು ಜನಕ್ಕೆ ಜಾಗ ಕೊಟ್ಟಿದೆ. ಆ ಜಾಗದಲ್ಲಿ ಒಬ್ಬ ಹೆಣ್ಣುಮಗಳು ನಿರ್ಭಯವಾಗಿ ಶೌಚಕ್ಕೆ ಹೋಗಿಬರುವಂತೆ ಮಾಡುವುದು ನಮ್ಮಂಥ ಎಂಜಿನಿಯರುಗಳ ಹೊಣೆಯೂ ಹೌದು.

ಜಾಗ ಗುರುತಿಸುವ ಮೊದಲು ಹೆಂಗಸರನ್ನು ಕರೆದುಕೊಂಡು ಗುಡ್ಡ ಸುತ್ತುವುದನ್ನು ರೂಢಿ ಮಾಡಿಕೊಂಡೆವು. ಅವರು ಬೇಡವೆಂದ ಕಡೆ ಗುಂಡಿ ತೋಡಲಿಲ್ಲ. ಹೆಂಗಸರಿಗೆಂದೇ ಮರೆಯಿರುವ ಸ್ನಾನದ ಮನೆಗಳನ್ನು ಕಟ್ಟಿದೆವು. ಒಳಚಿಲಕ, ದೀಪ ಇಲ್ಲದ ಶೌಚಾಲಯಗಳನ್ನು ವಾರದ ವರದಿಯಲ್ಲಿ ಮುಗಿದವುಗಳ ಲೆಕ್ಕಕ್ಕೆ ಸೇರಿಸುವುದನ್ನೇ ನಿಲ್ಲಿಸಿದೆವು.