ಬೆಂಕಿಕಡ್ಡಿ ಎಣಿಸಿ ಬರೆದ ಥ್ರಿಲ್ಲರ್: ನನ್ನ ಅನುಭವ

ಹೈಸ್ಕೂಲ್ ಮಕ್ಕಳಿಗೆ ಕನ್ನಡದಲ್ಲಿ ಥ್ರಿಲ್ಲರ್ ಬರೆದರೆ ಯಾರು ಓದುತ್ತಾರೆ ಎಂದು ಕೇಳಿದವರೇ ಜಾಸ್ತಿ. ಅದರಲ್ಲೂ ನನ್ನ ಕಥೆಯಲ್ಲಿ ದೆವ್ವ ಇಲ್ಲ, ಕೊಲೆ ಇಲ್ಲ. ಟೆಂಟ್ ಹಾಕಲು ಹೋದ ಆರು ಮಕ್ಕಳು, ಎರಡು ರಾತ್ರಿ, ಅಷ್ಟೇ. ಈಗ 500 ಪ್ರತಿಗಳ ಮೊದಲ ಮುದ್ರಣ ಮುಗಿದಿದೆ, ಎರಡನೆಯದು ಪ್ರೆಸ್ಸಿನಲ್ಲಿದೆ. ಇನ್ನು ಹೇಗೆ ಮಾಡಿದೆ ಎಂದು ಹೇಳಬಹುದು.

ಕಥೆ ನಡೆಯುವುದು ಉಡುಪಿ ಜಿಲ್ಲೆಯ ಹೆಬ್ರಿಯಿಂದ ಆಚೆ, ಆಗುಂಬೆ ಘಾಟಿಯ ಬುಡದಲ್ಲಿ, ಸೀತಾನದಿಯ ಬದಿ. ಸೋಮೇಶ್ವರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ. ಮಕ್ಕಳ ಪುಸ್ತಕದಲ್ಲಿ ಅದನ್ನೇ ಸಾಹಸ ಎಂದು ತೋರಿಸಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಟೆಂಟನ್ನು ಒಬ್ಬ ಹುಡುಗನ ಮಾವನ ಅಡಿಕೆ ತೋಟದ ಮೇಲಿನ ಗುಡ್ಡೆಗೆ ತಂದೆ. ಬೇಲಿ ದಾಟಿದರೆ ಕಾಡು. ಕಾಲ ಮೇ ಕೊನೆ. ಎಸ್ಸೆಸ್ಸೆಲ್ಸಿ ಮುಗಿದಿದೆ, ಪಿಯುಸಿ ಶುರುವಾಗಿಲ್ಲ.

ಮೊದಲ ಕರಡಿನಲ್ಲಿ ಮಕ್ಕಳ ಹಿಂದೆ ಒಬ್ಬ ಅಪರಿಚಿತ ಗಂಡಸು ಬರುತ್ತಿದ್ದ. ಪರಿಚಯದ ಕನ್ನಡ ಟೀಚರ್ ಒಬ್ಬರು ಶುಕ್ರವಾರದ ಕೊನೆಯ ಪಿರಿಯಡ್ ಬಿಟ್ಟುಕೊಟ್ಟರು. ಒಂಬತ್ತನೇ ತರಗತಿಗೆ ಓದಿ ಹೇಳಿದೆ. ಮೂರನೇ ಅಧ್ಯಾಯಕ್ಕೇ ಅವನು ಯಾರೆಂದು ಒಬ್ಬಳು ಹೇಳಿಬಿಟ್ಟಳು. ಉಳಿದವರು ಆಗಲೇ ಚೀಲ ಕಟ್ಟುತ್ತಿದ್ದರು. ಅವನನ್ನು ಪೂರ್ತಿ ಕಿತ್ತು ಹಾಕಿದೆ. ನೂರರ ಹತ್ತಿರ ಪುಟ ಹೋಯಿತು. ಆಮೇಲೆ ಒಂದು ಭೂತದ ಕಲ್ಲಿನ ಕಥೆ ಸೇರಿಸಿ ನೋಡಿದೆ. ಅದೂ ನಿಲ್ಲಲಿಲ್ಲ. ನಮ್ಮ ಕಡೆ ಭೂತ ಎಂದರೆ ದೈವ, ಆ ಮಕ್ಕಳ ಮನೆಯಲ್ಲಿ ಅದಕ್ಕೆ ಕೈಮುಗಿಯುತ್ತಾರೆ, ಹೆದರಿ ಓಡುವುದಿಲ್ಲ.

ಕೊನೆಗೆ ರಥಬೀದಿಯಿಂದ ಅಂಗಡಿಯವರು ಇಡುವಂಥ ಉದ್ದದ ಲೆಕ್ಕದ ಪುಸ್ತಕ ಒಂದನ್ನು ತಂದೆ. ಪ್ರತಿ ಗಂಟೆಗೆ ಒಂದು ಸಾಲು, ಪ್ರತಿ ಹುಡುಗ ಹುಡುಗಿಗೆ ಒಂದು ಕಾಲಂ. ಮೊಬೈಲಿನಲ್ಲಿ ಚಾರ್ಜ್ ಎಷ್ಟು, ಟಾರ್ಚ್ ಯಾರ ಕೈಯಲ್ಲಿ, ನೀರು ಎಷ್ಟು, ಬೆಂಕಿಕಡ್ಡಿ ಎಷ್ಟು, ಯಾರ ಚಪ್ಪಲಿ ಕಿತ್ತಿದೆ. ಕೊನೆಯ ಕಾಲಂನಲ್ಲಿ ಯಾರು ಯಾರಿಗೆ ಯಾವ ಸುಳ್ಳು ಹೇಳಿದ್ದಾರೆ ಎಂಬುದು. ಸಾಮಾನು ಪಟ್ಟಿಯಿಂದ ಕಾದಂಬರಿ ಆಗುತ್ತದಾ ಎಂದು ಬರೆಯುವ ಗೆಳೆಯರೇ ಕೇಳಿದರು. ಕರಡು ಓದಿದ ಬೆಂಗಳೂರಿನ ಪ್ರಕಾಶಕರೊಬ್ಬರು ಇಷ್ಟೆಲ್ಲ ಲೆಕ್ಕ ತೆಗೆಯಿರಿ, ತುಳು ಮಾತು ಕೂಡ ತೆಗೆಯಿರಿ ಎಂದರು. ಎರಡನ್ನೂ ತೆಗೆಯಲಿಲ್ಲ.

ಗೆದ್ದದ್ದು ಈ ಲೆಕ್ಕವೇ. ಒಂದು ಶುಕ್ರವಾರ, ಕಡ್ಡಿಪೆಟ್ಟಿಗೆ ನೀರಿಗೆ ಬೀಳುವ ಜಾಗ ಓದುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ 'ಇನ್ನು ನಾಲ್ಕೇ ಉಂಟು' ಎಂದ. ಅದನ್ನು ನಾನಿನ್ನೂ ಓದಿರಲಿಲ್ಲ. ಅವನೇ ಎಣಿಸಿಕೊಂಡು ಬಂದಿದ್ದ! ಮಕ್ಕಳು ಎಣಿಸಲು ಶುರು ಮಾಡಿದರೆ ಮುಗಿಯಿತು, ಪುಸ್ತಕ ಕೆಳಗಿಡುವುದಿಲ್ಲ.

ಮೊಬೈಲ್ ಇದ್ದರೆ ಸಸ್ಪೆನ್ಸ್ ಸತ್ತುಹೋಗುತ್ತದೆ ಎಂದು ನಮ್ಮವರು ಗೋಳಾಡುತ್ತಾರೆ. ನನಗೆ ಅದೇ ಸಹಾಯಕ್ಕೆ ಬಂತು. ನೆಟ್‌ವರ್ಕ್ ಸಿಗದ ಕಡೆ ಫೋನ್ ಹುಡುಕುತ್ತಲೇ ಇರುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಪ್ರತಿ ಅಧ್ಯಾಯದಲ್ಲಿ ಆ ಶೇಕಡಾ ಒಮ್ಮೆ ಬರುತ್ತದೆ.

ಉಳಿದ ಹೆದರಿಕೆಯನ್ನು ಕಾಡೇ ಕೊಟ್ಟಿತು. ಕಾಡುಕುರಿ ಎಂಬ ಸಣ್ಣ ಜಿಂಕೆಯ ಕೂಗು ಥೇಟ್ ನಾಯಿ ಬೊಗಳಿದ ಹಾಗೆ. ನನ್ನ ಮಕ್ಕಳು ಅದನ್ನು ಕೇಳಿ ಹತ್ತಿರದಲ್ಲಿ ಮನೆ ಇದೆ ಎಂದುಕೊಳ್ಳುತ್ತಾರೆ. ಆ ಕಡೆಗೇ ನಡೆಯುತ್ತಾರೆ, ಇನ್ನೂ ಒಳಗೆ. ಹೊಳೆಯೂ ಹಾಗೆಯೇ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಘಟ್ಟದ ಮೇಲೆ ಸುರಿದರೆ ಸಾಕು, ಕೆಳಗೆ ಒಂದು ಹನಿ ಬೀಳದಿದ್ದರೂ ನೀರು ಏರುತ್ತದೆ. ಮೊದಲು ನೀರಿನ ಬಣ್ಣ ಕೆಂಪಗಾಗುತ್ತದೆ, ತರಗೆಲೆ ತೇಲಿ ಬರುತ್ತದೆ. ನಾನು ಅಷ್ಟನ್ನೇ ಬರೆದೆ. ಒಂದು ಹುಡುಗಿ ಅದರಲ್ಲಿ ಪಾತ್ರೆ ತೊಳೆಯುತ್ತಾ ಕೂತಿರುತ್ತಾಳೆ.

ಆಗುಂಬೆ ಎಂದರೆ ಕಾಳಿಂಗ ಬೇಕೇ ಬೇಕು ಎಂದು ಎಲ್ಲರದ್ದೂ ಒತ್ತಾಯ. ಹೆಣ್ಣು ಕಾಳಿಂಗ ತರಗೆಲೆ ರಾಶಿ ಮಾಡಿ ಗೂಡು ಕಟ್ಟಿ, ಮೊಟ್ಟೆಗೆ ಕಾವಲು ಕೂರುತ್ತದೆ. ಪುಸ್ತಕದಲ್ಲಿ ಹಾವು ಎಲ್ಲೂ ಬರುವುದಿಲ್ಲ, ರಾಶಿ ಮಾತ್ರ ಬರುತ್ತದೆ. ಒಬ್ಬ ಅದರ ಪಕ್ಕದಲ್ಲೇ ಕೂತು ಬಿಸ್ಕತ್ತು ತಿನ್ನುತ್ತಾನೆ. ಹೆಬ್ರಿ ಕಡೆಯ ಮಕ್ಕಳು ಈ ಪುಟದಲ್ಲಿ ಕಿರುಚಿದರು. ಉಡುಪಿ ಪೇಟೆಯವರಿಗೆ ಏನೂ ಅನಿಸಲಿಲ್ಲ. ಅವರಿಗಾಗಿ ಎರಡು ಅಧ್ಯಾಯ ಹಿಂದೆ ಅಜ್ಜಿಯ ಬಾಯಲ್ಲಿ ಇಂಥ ರಾಶಿಯ ಬಗ್ಗೆ ಒಂದು ಮಾತು ಹಾಕಿದೆ.

ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಹಸಿರಾಗಿ ಬೆಳಗುವ ಅಣಬೆ ನೋಡಲು ರಾತ್ರಿ ಹೊತ್ತು ಅಲೆದದ್ದೂ ಉಂಟು. ಇಂಬಳ ಕಾಲು ತುಂಬಾ ಹತ್ತಿದವು, ಅಣಬೆಯೂ ಸಿಕ್ಕಿತು. ಆದರೆ ಅದು ಜೋರು ಮಳೆಯ ಕಾಲದ್ದು, ನನ್ನ ಕಥೆ ಮೇ ತಿಂಗಳದ್ದು. ಒಳ್ಳೆಯ ದೃಶ್ಯ, ಸುಮ್ನೆ ತುರುಕಲು ಮನಸ್ಸು ಬರಲಿಲ್ಲ. ಅಧ್ಯಾಯವನ್ನು ಎಲ್ಲಿ ಕತ್ತರಿಸಬೇಕು ಎಂಬುದಕ್ಕೂ ಒಂದು ಉಪಾಯ ಇದೆ, ಯಕ್ಷಗಾನದ ಭಾಗವತರನ್ನು ನೋಡಿ ಕಲಿತದ್ದು. ಅದನ್ನು ಈಗ ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು.

ದುಡ್ಡಿನ ಮಾತು. ಡೆಮಿ ಸೈಜ್, ಸುಮಾರು 150 ಪುಟ. ಮುದ್ರಣಕ್ಕೆ 34 ಸಾವಿರದ ಆಸುಪಾಸು, ಮುಖಪುಟದ ಚಿತ್ರಕ್ಕೆ ನಾಲ್ಕು, ಡಿಟಿಪಿಗೆ ಆರು. ಐಎಸ್‌ಬಿಎನ್‌ಗೆ ಕಾಸು ಕೊಡಬೇಕಿಲ್ಲ, ಅದು ಪುಸ್ತಕದ ಗುರುತಿನ ಸಂಖ್ಯೆ. ಡಿಟಿಪಿಯಲ್ಲಿ ಯೂನಿಕೋಡ್‌ನಿಂದ ನುಡಿ ಫಾಂಟಿಗೆ ಬದಲಿಸುವಾಗ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿತು. ನನ್ನ ಪುಸ್ತಕ ತುಂಬಾ ಟಾರ್ಚ್, ಚಾರ್ಜ್, ಸರ್ಪ! ಪ್ರೂಫ್ ಮತ್ತೆ ಮತ್ತೆ ನೋಡಬೇಕಾಯಿತು. ಮುಖಬೆಲೆ 150 ರೂಪಾಯಿ. ಅಂಗಡಿಗಳು ಶೇ. 35ರಿಂದ 40 ಹಿಡಿಯುತ್ತವೆ, ಒಂದು ಅಂಗಡಿಯಿಂದ ನಾಲ್ಕು ಸಾವಿರದಷ್ಟು ಇನ್ನೂ ಬಂದಿಲ್ಲ. ಹಣ ತಂದದ್ದು ಶಾಲೆಗಳು. ಒಂದು ಅಧ್ಯಾಯ ಓದಿ, ನಿಲ್ಲಿಸಿ, 120ಕ್ಕೆ ಕೊಟ್ಟೆ. ಮುನ್ನೂರರಷ್ಟು ಹಾಗೆಯೇ ಹೋದವು. ಎಲ್ಲ ಕಳೆದು ನಾಲ್ಕೈದು ಸಾವಿರ ಕೈಯಲ್ಲಿ ಉಳಿದಿದೆ. ಮೊದಲ ಪುಸ್ತಕಕ್ಕೆ ಅದು ಸಣ್ಣದಲ್ಲ, ಅಲ್ವಾ?

ಎರಡನೇ ಮುದ್ರಣದಲ್ಲಿ ನಕ್ಷೆಯನ್ನು ಕೊನೆಯಿಂದ ಮೊದಲ ಪುಟಕ್ಕೆ ತಂದಿದ್ದೇನೆ. ನಕ್ಷೆ ನೋಡಲು ಹಿಂದೆ ತಿರುಗಿಸಿದವರ ಕಣ್ಣಿಗೆ ಕೊನೆಯ ಅಧ್ಯಾಯ ಬೀಳುತ್ತಿತ್ತು. ಬೆಲೆ 160 ಆಗಿದೆ. ಮೊದಲೇ ಹೇಳಿಟ್ಟ ಶಾಲೆಗಳಿಗೆ ಹಳೆಯ ದರವೇ.