ಮೇನಲ್ಲಿ ಗುಡ್ಡ, ನವೆಂಬರ್‌ನಲ್ಲಿ ನಡುಗಡ್ಡೆ

ಸಾಗರದ ಹತ್ತಿರ, ಶರಾವತಿ ಹಿನ್ನೀರಿನ ದಡದಲ್ಲಿರುವ ಹೊನ್ನೇಮರಡುವಿಗೆ ನಾನು ಮೊದಲ ಸಲ ಹೋಗಿದ್ದು ಮೇ ತಿಂಗಳಲ್ಲಿ. ತಪ್ಪಾಗಿದ್ದೇ ಅಲ್ಲಿ. ಫೋಟೋದಲ್ಲಿ ನೀರಿನ ಮಧ್ಯೆ ಹಸಿರಾಗಿ ಕೂತಿದ್ದ ನಡುಗಡ್ಡೆ ನೋಡಿ ಶಿವಮೊಗ್ಗದಿಂದ ಬೈಕ್ ಹತ್ತಿದವನಿಗೆ ಕಂಡಿದ್ದು ಬಿರುಕು ಬಿಟ್ಟ ಕೆಂಪು ಮಣ್ಣು, ಕಪ್ಪಗಾದ ಮರದ ಬೊಡ್ಡೆಗಳು, ಎಲ್ಲೋ ದೂರದಲ್ಲಿ ನೀರು.

ಸಾಗರದಲ್ಲಿ ದೊಡ್ಡಪ್ಪನ ಮನೆಗೆ ಹೋಗಿ ಹೇಳಿದರೆ ನಕ್ಕುಬಿಟ್ಟರು. "ದ್ವೀಪ ಎಲ್ಲಿಂದ ಬಂತು ಮಾರಾಯಾ, ಗುಡ್ಡದ ನೆತ್ತಿ ಅದು!" ಸರಿಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರು, ಗದ್ದೆ, ತೋಟ ಎಲ್ಲ ಮುಳುಗಿ ಗುಡ್ಡಗಳ ತಲೆ ಮಾತ್ರ ಮೇಲೆ ಉಳಿಯಿತು. ನಾವು ಪಿಕ್ನಿಕ್ ಮಾಡುವ ಜಾಗ ಮುಳುಗಡೆಯಾದವರಿಗೆ ಬೇರೆಯೇ ಥರ ಕಾಣುತ್ತದೆ, ಅಲ್ವಾ?

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹೊರಡುವ ಮುಂಚೆ ಪೇಪರ್‌ನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ನೋಡುತ್ತೇನೆ. ಪೂರ್ತಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ. ಅದಕ್ಕೆ ಹತ್ತಿರ ಇದ್ದರೆ ಹೋಗಬಹುದು, ಆದರೆ ಜೋರು ಮಳೆಗಾಲದಲ್ಲಿ ಮಾತ್ರ ಬೇಡ.

ಎರಡನೇ ಸಲ ನವೆಂಬರ್‌ನಲ್ಲಿ ಹೋದೆ. ಅಲ್ಲಿ ದೋಣಿ ನಡೆಸುವವರಿಗೆ ಮೊದಲೇ ಫೋನ್ ಮಾಡಿದ್ದೆ, ಸುಮ್ನೆ ಹೋಗಿ ನಿಂತರೆ ಆಗುವ ಕೆಲಸ ಅಲ್ಲ ಅದು. ಬೆಳಿಗ್ಗೆ ಆರಕ್ಕೆ ಹೊರಟು, ಸಾಗರದಲ್ಲಿ ತಿಂಡಿ ತಿಂದು, ತಾಳಗುಪ್ಪದ ಕಡೆಯಿಂದ ಒಳಗೆ ಹೋದೆವು. ತಾಳಗುಪ್ಪದವರೆಗೆ ರೈಲೂ ಇದೆ, ಆದರೆ ಅಲ್ಲಿಂದ ಮುಂದಕ್ಕೆ ಸ್ವಂತ ಗಾಡಿ ಇಲ್ಲದಿದ್ದರೆ ಕಷ್ಟ. ಲೈಫ್ ಜಾಕೆಟ್ ಹಾಕಿಕೊಂಡು ಹರಿಗೋಲು ಹತ್ತಿದೆವು. ಹುಟ್ಟು ನನ್ನ ಕೈಗೆ ಬಂದ ಕೂಡಲೇ ಅದು ಮುಂದೆ ಹೋಗುವುದು ಬಿಟ್ಟು ನಿಂತಲ್ಲೇ ಗಿರಗಿರ ತಿರುಗಿತು. ನಡುಗಡ್ಡೆಯಲ್ಲಿ ಅಂಗಡಿಯೂ ಇಲ್ಲ, ನಲ್ಲಿಯೂ ಇಲ್ಲ. ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ, ಎರಡು ಬಾಟಲ್ ನೀರು, ಅಷ್ಟೇ. ಮಧ್ಯಾಹ್ನ ಗಾಳಿ ಎದ್ದಿತು, ವಾಪಸ್ ಬರುವಾಗ ತೋಳು ಬಿದ್ದುಹೋಯಿತು. ಅದಕ್ಕೇ ಈಗ ಊಟ ಮುಗಿದ ಕೂಡಲೇ ದಡಕ್ಕೆ ಹೊರಟುಬಿಡುತ್ತೇನೆ.

ಅಷ್ಟು ದೂರ ಬೇಡ ಅನ್ನುವವರಿಗೆ ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್‌ಗೆ ಮಂಡಗದ್ದೆ ಇದೆ. ತುಂಗೆಯ ಮಧ್ಯೆ ಪುಟ್ಟ ನಡುಗಡ್ಡೆ, ಮಳೆಗಾಲದಲ್ಲಿ ಮರದ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಅಲ್ಲಿ ಕಾಲಿಡುವ ಹಾಗಿಲ್ಲ, ದಡದಿಂದಲೇ ನೋಡಬೇಕು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ಮುಂದಿನ ಮೇನಲ್ಲಿ ಬೇಕಂತಲೇ ಹಿನ್ನೀರಿಗೆ ಹೋಗುವವನಿದ್ದೇನೆ. ನೀರು ತೀರಾ ಇಳಿದರೆ, ಲಿಂಗನಮಕ್ಕಿಗಿಂತ ಮುಂಚೆ ಕಟ್ಟಿದ್ದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ದೊಡ್ಡಪ್ಪನೂ ಬರುತ್ತೇನೆ ಅಂದಿದ್ದಾರೆ.